ಸ್ವಿಚ್ಚಿನೊಳಗಿನ ಸಣ್ಣ ದೀಪ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕೋತ್ಸವದ ದಿನ ಮುಖ್ಯೋಪಾಧ್ಯಾಯನಾದವನು ಶೀಲ, ಶಿಸ್ತು, ಸಮಯಪಾಲನೆಗಳನ್ನು ಕುರಿತು ನಾಲ್ಕು ಮಾತು ಹೇಳಿ ಕುಳಿತುಕೊಳ್ಳುವುದು ವಾಡಿಕೆ. ಅವು ಬೇಡವಾದ ಮಾತುಗಳಲ್ಲ. ಆದರೆ ಈ ವರ್ಷ ನಾನು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಟ್ರ್ಯಾಕ್ಟರಿನ ಡ್ಯಾಶ್‌ಬೋರ್ಡಿನಲ್ಲಿ ಹೊಸದಾಗಿ ಕೂಡಿಸುವ ಒಂದು ಸ್ವಿಚ್ಚು, ಅದರ ಹೊಟ್ಟೆಯೊಳಗೆ ಉರಿಯುವ ಒಂದು ಸಣ್ಣ ದೀಪ, ಇದೇ ನನ್ನ ಇಂದಿನ ವಿಷಯ. ಕನ್ನಡವನ್ನೂ ಚರಿತ್ರೆಯನ್ನೂ ಕಲಿಸುವ ಮಾಸ್ತರನಿಗೆ ತಂತಿಗಳ ಉಸಾಬರಿ ಏಕೆಂದು ತಾವು ಕೇಳಬಹುದು. ಕಾರಣವುಂಟು. ಆ ಸಣ್ಣ ದೀಪದ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪಿನಿಂದ ನಮ್ಮ ಮನೆಯ ಹುಡುಗನೊಬ್ಬನ ಪ್ರಾಣಕ್ಕೆ ಸಂಚಕಾರ ಬರುವುದರಲ್ಲಿತ್ತು. ಆ ತಪ್ಪನ್ನು ಕಂಡುಹಿಡಿದವರು ಇದೇ ಶಾಲೆಯ ಇಬ್ಬರು ವಿದ್ಯಾರ್ಥಿಗಳು. ಮಕ್ಕಳಿಂದ ಕಲಿತ ಪಾಠವನ್ನು ಮಕ್ಕಳ ಮುಂದೆಯೇ ಒಪ್ಪಿಸುವುದು ನ್ಯಾಯವೆಂದು ನನಗೆ ತೋರಿತು.

ನಮ್ಮ ನಾಗಲಗಿದ್ದ ಸೀಮೆಯಲ್ಲಿ ಈಗ ಎತ್ತಿನ ಬಂಡಿಗಿಂತ ಟ್ರ್ಯಾಕ್ಟರಿನ ಸಪ್ಪಳವೇ ಹೆಚ್ಚು. ನೆರೆಯ ಜಹೀರಾಬಾದಿನ ಮಹೀಂದ್ರಾ ಕಾರ್ಖಾನೆಯಲ್ಲಿ ೨೦೧೩ರಿಂದ ಟ್ರ್ಯಾಕ್ಟರುಗಳು ತಯಾರಾಗುತ್ತಿವೆ. ಕಬ್ಬಿನ ಕಾಲದಲ್ಲಿ ಸಂಜೆ ಹೇರಿದ ಗಾಡಿ ರಾತ್ರಿಯೆಲ್ಲ ರಸ್ತೆಯ ಮೇಲಿರುತ್ತದೆ. ನಮ್ಮ ಅಜ್ಜಂದಿರು ರಾತ್ರಿ ಬಂಡಿ ಕಟ್ಟಿದರೆ ಅಚ್ಚಿನ ಕೆಳಗೆ ಒಂದು ಕಂದೀಲನ್ನು ತೂಗುಹಾಕುತ್ತಿದ್ದರು. ಅದು ದಾರಿ ಕಾಣುವುದಕ್ಕಲ್ಲ, ದಾರಿ ಎತ್ತುಗಳಿಗೆ ಗೊತ್ತಿತ್ತು. ಹಿಂದಿನಿಂದ ಬರುವವನಿಗೆ "ಇಲ್ಲಿ ಒಂದು ಬಂಡಿಯಿದೆ" ಎಂದು ಹೇಳುವುದಕ್ಕಾಗಿ ಆ ಕಂದೀಲು. ಇಂದು ಟ್ರ್ಯಾಕ್ಟರಿನ ಹಿಂದಿನ ಕೆಂಪು ದೀಪ ಮಾಡುವ ಕೆಲಸವೂ ಅದೇ. ಕತ್ತಲಾದ ಮೇಲೆ ರಸ್ತೆಯ ಮೇಲಿರುವ ವಾಹನದ ಹಿಂದೆ ಕೆಂಪು ದೀಪ ಉರಿಯಲೇಬೇಕೆಂದು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಕಾನೂನಿಗಿಂತ ಹಳೆಯದು ಅಜ್ಜನ ಕಂದೀಲು.

ಈಗ ನಡೆದ ಸಂಗತಿಯನ್ನು ಹೇಳುತ್ತೇನೆ. ನನ್ನ ಅಣ್ಣನದೊಂದು ಹಳೆಯ ಟ್ರ್ಯಾಕ್ಟರು ಇದೆ. ರಾತ್ರಿ ಉಳುವಾಗ ಹಿಂದಿನ ನೇಗಿಲು ಕಾಣಲೆಂದು ಅದಕ್ಕೆ ಹಿಂಭಾಗದಲ್ಲಿ ೫೫ ವಾಟಿನ ಬಿಳಿ ದೀಪವೊಂದನ್ನು ಹಾಕಿಸಿದೆವು. ಆ ದೀಪಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ಚು ಬೇಕಾಯಿತು. ಪೇಟೆಯಲ್ಲಿ ಒಳಗೆ ದೀಪವಿರುವ ಸ್ವಿಚ್ಚುಗಳು ಸಿಗುತ್ತವೆ; ಅಂಥದೊಂದನ್ನು ತಂದೆವು. ಇದು ಕೇವಲ ಅಂದಕ್ಕಲ್ಲ. ಹಿಂದಿನ ಬಿಳಿ ದೀಪ ಚಾಲಕನ ಬೆನ್ನ ಹಿಂದೆ ಉರಿಯುತ್ತದೆ. ಹೊಲದ ಕೆಲಸ ಮುಗಿಸಿ, ಅದನ್ನು ಆರಿಸಲು ಮರೆತು ರಸ್ತೆಗೆ ಬಂದರೆ, ಹಿಂದೆ ಬರುವವನ ಕಣ್ಣಿಗೆ ಅದು ನೇರವಾಗಿ ಹೊಡೆಯುತ್ತದೆ. ಬೆನ್ನ ಹಿಂದೆ ನಡೆಯುತ್ತಿರುವುದನ್ನು ಕಣ್ಣ ಮುಂದೆ ತಿಳಿಸುವುದೇ ಸ್ವಿಚ್ಚಿನೊಳಗಿನ ದೀಪದ ಧರ್ಮ.

ನಾವು ತಂದ ಸ್ವಿಚ್ಚಿಗೆ ಮೂರು ಕಾಲುಗಳಿದ್ದವು. ಮೊದಲನೆಯ ಕಾಲಿಗೆ ಬ್ಯಾಟರಿಯಿಂದ ಬರುವ ತಂತಿ; ಎರಡನೆಯ ಕಾಲಿನಿಂದ ದೀಪಕ್ಕೆ ಹೋಗುವ ತಂತಿ; ಮೂರನೆಯದು ಅರ್ಥಿಂಗು. ಮಕ್ಕಳೇ, ವಾಹನದಲ್ಲಿ ಅರ್ಥಿಂಗು ಎಂದರೆ ನೆಲವಲ್ಲ. ರಬ್ಬರಿನ ಗಾಲಿಯ ಮೇಲೆ ನಿಂತ ಗಾಡಿಗೆ ನೆಲದ ಸಂಬಂಧವೆಲ್ಲಿಯದು? ಬ್ಯಾಟರಿಯ ಋಣಧ್ರುವವನ್ನು ಗಾಡಿಯ ಕಬ್ಬಿಣದ ಮೈಗೆ ಜೋಡಿಸಿರುತ್ತಾರೆ. ಆ ಮೈಯೇ ವಿದ್ಯುತ್ತು ಬ್ಯಾಟರಿಗೆ ಮರಳಿ ಹೋಗುವ ದಾರಿ. ಧನಧ್ರುವದಿಂದ ಹೊರಟ ಪ್ರವಾಹ ಸ್ವಿಚ್ಚು, ದೀಪಗಳನ್ನು ದಾಟಿ, ಗಾಡಿಯ ಮೈಯ ಮೂಲಕ ಮನೆಗೆ ಹಿಂದಿರುಗಬೇಕು. ಹೋದದ್ದು ಮರಳದಿದ್ದರೆ ದೀಪ ಉರಿಯದು. ಇನ್ನು ಸ್ವಿಚ್ಚಿನೊಳಗಿನ ಸಣ್ಣ ದೀಪವು ಎರಡನೆಯ ಮತ್ತು ಮೂರನೆಯ ಕಾಲುಗಳ ನಡುವೆ ಇರುತ್ತದೆ. ಆದ್ದರಿಂದ ಸ್ವಿಚ್ಚನ್ನು ಒತ್ತಿದಾಗ ಮಾತ್ರ ಅದು ಬೆಳಗುತ್ತದೆ.

ಅಣ್ಣನ ಮಗನಿಗೆ ಇದರಿಂದ ತೃಪ್ತಿಯಾಗಲಿಲ್ಲ. "ಕಾಕಾ, ರಾತ್ರಿ ಸ್ವಿಚ್ಚು ಎಲ್ಲೈತೋ ಕಾಣಂಗಿಲ್ಲ, ತಡವರಿಸಬೇಕಾಗ್ತದ" ಎಂದನು. ಮಾತು ಸರಿಯಾಗಿತ್ತು. ಕತ್ತಲಲ್ಲಿ ಹುಡುಕಬೇಕಾದ ವಸ್ತು ಕೈಗೆ ಸಿಕ್ಕಿದ ಮೇಲೆ ಬೆಳಗಿದರೆ ಪ್ರಯೋಜನವೇನು? ಆಗ ನಾನು ನನ್ನ ಬುದ್ಧಿವಂತಿಕೆಯನ್ನು ತೋರಿಸಿದೆ. ಗಾಡಿಯ ಸಣ್ಣ ದೀಪಗಳನ್ನು ಹಾಕಿದೊಡನೆ ಡ್ಯಾಶ್‌ಬೋರ್ಡಿನ ಮೀಟರುಗಳೊಳಗೆ ಬೆಳಕು ಬರುತ್ತದೆಯಲ್ಲವೇ? "ಅಲ್ಲಿಂದ ಒಂದು ತಂತಿಯನ್ನು ಎಳೆದು ಸ್ವಿಚ್ಚಿನ ದೀಪಕ್ಕೆ ಕೊಟ್ಟರಾಯಿತು" ಎಂದು ಮಿಸ್ತ್ರಿಗೆ ಹೇಳಿದೆ. ಸ್ವಿಚ್ಚಿನ ದೀಪಕ್ಕೆ ಪ್ರತ್ಯೇಕವಾದ ಕಾಲೇ ಇಲ್ಲ. ಆತನು ಆ ತಂತಿಯನ್ನು ಎರಡನೆಯ ಕಾಲಿಗೆ ಜೋಡಿಸಿದನು. ಸ್ವಿಚ್ಚು ಚೆನ್ನಾಗಿ ಬೆಳಗಿತು. ನಾವೆಲ್ಲರೂ ಸಂತೋಷಪಟ್ಟೆವು. ತಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನನ್ನದೇ.

ಅದೇ ವಾರ ಹುಡುಗನು ಕಬ್ಬು ಹೇರಿಕೊಂಡು ಮುಸ್ಸಂಜೆಗೆ ಹೊರಟನು. ಸಣ್ಣ ದೀಪಗಳನ್ನು ಹಾಕಿದನು, ಸ್ವಿಚ್ಚು ಬೆಳಗಿತು. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಡ್ಯಾಶ್‌ಬೋರ್ಡೆಲ್ಲ ಕತ್ತಲಾಯಿತು. ಮುಂದಿನ ದೊಡ್ಡ ದೀಪಗಳು ಉರಿಯುತ್ತಲೇ ಇದ್ದವು. ಮೀಟರಿನ ದೀಪ ಹೋಗಿದೆ, ಬೆಳಗಾದ ಮೇಲೆ ನೋಡಿದರಾಯಿತು ಎಂದುಕೊಂಡು ಮುಂದೆ ಸಾಗಿದನು. ಮೀಟರಿನ ದೀಪದೊಡನೆ ಟ್ರಾಲಿಯ ಹಿಂದಿನ ಕೆಂಪು ದೀಪಗಳೂ ಆರಿಹೋಗಿದ್ದುದು ಅವನಿಗೆ ತಿಳಿಯಲಿಲ್ಲ. ತಿಳಿಯುವ ಬಗೆಯೂ ಇರಲಿಲ್ಲ, ಏಕೆಂದರೆ ನಡುವೆ ಆಳೆತ್ತರದ ಕಬ್ಬು. ಹಿಂದೆ ಒಂದು ಬಸ್ಸು ಬಂತು. ಕಪ್ಪು ರಸ್ತೆಯ ಮೇಲೆ ಕಪ್ಪು ಟ್ರಾಲಿ. ಬಸ್ಸಿನ ಚಾಲಕನು ಕೊನೆಯ ಗಳಿಗೆಯಲ್ಲಿ ಕಂಡು, ಗಾಡಿಯನ್ನು ಬದಿಗೆ ತಿರುಗಿಸಿ ಮಣ್ಣಿಗೆ ಇಳಿಸಿ ನಿಲ್ಲಿಸಿದನು. ಯಾರಿಗೂ ಗಾಯವಾಗಲಿಲ್ಲ. ಆ ಪುಣ್ಯಾತ್ಮನು ಕೆಳಗಿಳಿದು ಬಂದು, "ಮನೆಯಾಗ ಹಿರಿಯರು ಯಾರೂ ಇಲ್ಲೇನು?" ಎಂದು ಕೇಳಿದನಂತೆ. ಮನೆಯಲ್ಲಿ ಹಿರಿಯರಿದ್ದರು, ಅವರೇ ತಂತಿ ಜೋಡಿಸಲು ಹೇಳಿದ್ದರು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮರುದಿನ ಭಾನುವಾರ. ನೋಡಿದರೆ ಸಣ್ಣ ದೀಪಗಳ ೫ ಆಂಪಿಯರಿನ ಫ್ಯೂಜು ಸುಟ್ಟಿತ್ತು. ನೆರೆದವರಲ್ಲಿ ಒಬ್ಬರು, "ದೊಡ್ಡ ಫ್ಯೂಜು ಹಾಕಿರಿ, ಮತ್ತೆ ಹೋಗಂಗಿಲ್ಲ" ಎಂದರು. ಇನ್ನೊಬ್ಬರು ತಾಮ್ರದ ತಂತಿಯ ಎಳೆಯೊಂದನ್ನು ಸುತ್ತಲು ಸಿದ್ಧರಾದರು. ನನಗೂ ಅದು ಸರಿಯೆಂದೇ ತೋರಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ನಮ್ಮ ಹತ್ತನೆಯ ತರಗತಿಯ ಹುಡುಗನೂ ಅವನ ಗೆಳೆಯನೂ ಬಂದರು. ಅವನು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಫ್ಯೂಜು ಯಾಕೆ ಹೋಯಿತು?"

ಮಕ್ಕಳೇ, ಇದು ಬಹಳ ದೊಡ್ಡ ಪ್ರಶ್ನೆ. ಸುಟ್ಟ ಫ್ಯೂಜು ರೋಗವಲ್ಲ, ರೋಗದ ಸುದ್ದಿ. ಸುದ್ದಿ ತಂದವನ ಬಾಯಿ ಕಟ್ಟಿದರೆ ರೋಗ ಹೋಗುವುದಿಲ್ಲ.

ಆ ಹುಡುಗರು ಒಂದು ಪರೀಕ್ಷೆ ಮಾಡಿದರು. ಸುಟ್ಟ ಫ್ಯೂಜನ್ನು ಹಾಗೆಯೇ ಬಿಟ್ಟು, ಸಣ್ಣ ದೀಪಗಳ ಗುಂಡಿಯನ್ನೂ ಮುಟ್ಟದೆ, ಹೊಸ ಸ್ವಿಚ್ಚನ್ನು ಮಾತ್ರ ಒತ್ತಿದರು. ಹಿಂದಿನ ಬಿಳಿ ದೀಪ ಉರಿಯಿತು. ಅದರೊಡನೆ ಟ್ರಾಲಿಯ ಕೆಂಪು ದೀಪಗಳೂ ಮೀಟರಿನ ದೀಪಗಳೂ ಬೆಳಗಿದವು! ಫ್ಯೂಜು ಸುಟ್ಟಿದೆ, ಗುಂಡಿ ಮುಚ್ಚಿದೆ, ಆದರೂ ಕೆಂಪು ದೀಪ ಹೇಗೆ ಉರಿಯಿತು? ಅಲ್ಲಿಗೆ ಒಗಟು ಬಿಡಿಸಿತು. ನಾವು ಎಳೆದ ಆ ಒಂದು ತಂತಿ ಎರಡು ಬೇರೆ ಬೇರೆ ಮಾರ್ಗಗಳನ್ನು ಒಂದಾಗಿಸಿತ್ತು. ಎರಡು ಹೊಲಗಳ ಕಾಲುವೆಗಳ ನಡುವಿನ ಬದುವನ್ನು ಒಡೆದರೆ ಏನಾಗುತ್ತದೆ? ಯಾವ ಕಾಲುವೆಗೆ ನೀರು ಬಿಟ್ಟರೂ ಎರಡೂ ಹೊಲಕ್ಕೆ ಹರಿಯುತ್ತದೆ. ಸ್ವಿಚ್ಚು ಒತ್ತಿದರೆ ವಿದ್ಯುತ್ತು ಹಿಮ್ಮುಖವಾಗಿ ಹರಿದು ಕೆಂಪು ದೀಪಗಳಿಗೆ ಹೋಗುತ್ತಿತ್ತು. ಸಣ್ಣ ದೀಪಗಳನ್ನು ಹಾಕಿದರೆ, ಸ್ವಿಚ್ಚನ್ನು ಒತ್ತದಿದ್ದರೂ, ಮೀಟರಿನ ತಂತಿಯ ಮೂಲಕ ಆ ೫೫ ವಾಟಿನ ದೀಪವೂ ಉರಿಯುತ್ತಿತ್ತು. ಕಬ್ಬಿನ ರಾಶಿಗೆ ಬಿದ್ದ ಆ ಬೆಳಕನ್ನು ಚಾಲಕನು ಗಮನಿಸಿರಲಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಲೆಕ್ಕವೆಂದರೆ ಬೇಸರಪಡಬೇಡಿ, ಇದು ಪ್ರಾಣದ ಲೆಕ್ಕ. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರು ಬರುತ್ತದೆ. ಗಾಡಿಯ ಬ್ಯಾಟರಿ ೧೨ ವೋಲ್ಟು. ಮುಂದೆ ಎರಡು, ಹಿಂದೆ ಎರಡು, ಟ್ರಾಲಿಗೆ ಎರಡು, ಹೀಗೆ ೫ ವಾಟಿನ ಆರು ಸಣ್ಣ ದೀಪಗಳು: ೩೦ ವಾಟು, ಅಂದರೆ ೨.೫ ಆಂಪಿಯರು. ಮೀಟರಿನೊಳಗೆ ೧.೨ ವಾಟಿನ ನಾಲ್ಕು ಬಲ್ಬುಗಳು: ೦.೪ ಆಂಪಿಯರು. ಒಟ್ಟು ೨.೯. ಇದಕ್ಕೆ ೫ ಆಂಪಿಯರಿನ ಫ್ಯೂಜು ಧಾರಾಳವಾಗಿ ಸಾಕು. ಆದರೆ ೫೫ ವಾಟಿನ ದೀಪ ಒಂದೇ ೪.೬ ಆಂಪಿಯರನ್ನು ಎಳೆಯುತ್ತದೆ. ಕೂಡಿಸಿದರೆ ೭.೫. ಫ್ಯೂಜು ಸುಟ್ಟದ್ದು ಅದರ ತಪ್ಪಲ್ಲ, ಅದರ ಕರ್ತವ್ಯ.

ದೊಡ್ಡ ಫ್ಯೂಜು ಹಾಕಿದ್ದರೆ ಏನಾಗುತ್ತಿತ್ತು? ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಮೀಟರಿನ ಎಳೆತಂತಿಯಲ್ಲಿ ದಿನವೂ ಹರಿಯುತ್ತಿದ್ದುದು ೦.೪ ಆಂಪಿಯರು. ನಮ್ಮ ಜೋಡಣೆಯಿಂದ ಅದು ೫ ಆಂಪಿಯರಾಯಿತು, ಅಂದರೆ ಹನ್ನೆರಡೂವರೆ ಪಟ್ಟು. ಶಾಖವೋ ನೂರೈವತ್ತು ಪಟ್ಟಿಗೂ ಮಿಗಿಲು! ದಿನವೂ ಇದು ನಡೆದಿದ್ದರೆ ತಂತಿಯ ಮೇಲಿನ ಹೊದಿಕೆ ಕರಗಿ, ಪಕ್ಕದ ತಂತಿಗಳಿಗೆ ತಾಗಿ, ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿ ಹತ್ತಲು ತಡವಾಗುತ್ತಿರಲಿಲ್ಲ. ತಂತಿ ಸುಡುವ ಮೊದಲು ತಾನು ಸುಟ್ಟುಕೊಳ್ಳುವುದೇ ಫ್ಯೂಜಿನ ತ್ಯಾಗ. ಅದಕ್ಕೆ ಬದಲಾಗಿ ತಾಮ್ರದ ಎಳೆ ಸುತ್ತುವವರು ಗಾಡಿಯನ್ನು ರಿಪೇರಿ ಮಾಡುತ್ತಿಲ್ಲ, ಕಾವಲುಗಾರನನ್ನು ಮನೆಗೆ ಕಳುಹಿಸುತ್ತಿದ್ದಾರೆ.

ಹಾಗಾದರೆ ಸರಿಯಾದ ಮಾರ್ಗ ಯಾವುದು? ಹುಡುಗನ ಬಯಕೆ ತಪ್ಪಾಗಿರಲಿಲ್ಲ. ಸ್ವಿಚ್ಚು ಎರಡು ಮಾತುಗಳನ್ನು ಹೇಳಬೇಕು. ಮೊದಲನೆಯದು "ನಾನು ಇಲ್ಲಿದ್ದೇನೆ". ಎರಡನೆಯದು "ನನ್ನ ಕೆಲಸ ನಡೆಯುತ್ತಿದೆ". ಎರಡು ಮಾತಿಗೆ ಎರಡು ನಾಲಗೆ ಬೇಕು. ಅದಕ್ಕಾಗಿಯೇ ಒಳಗೆ ಎರಡು ದೀಪಗಳಿರುವ, ಐದು ಕಾಲುಗಳ ಸ್ವಿಚ್ಚುಗಳು ಸಿಗುತ್ತವೆ. ಅದರಲ್ಲಿ ಕೆಳಗಿನ ದೀಪದ ಧನದ ಕಾಲನ್ನು ಡ್ಯಾಶ್‌ಬೋರ್ಡಿನ ಬೆಳಕಿನ ತಂತಿಗೆ ಕೊಡಬೇಕು. ಅದು ಮೀಟರುಗಳೊಡನೆ ಬೆಳಗಿ ಸ್ಥಳ ತೋರಿಸುತ್ತದೆ. ಮೇಲಿನ ದೀಪದ ಧನದ ಕಾಲನ್ನು ಸ್ವಿಚ್ಚಿನಿಂದ ಹೊರಹೋಗುವ ತಂತಿಗೆ ಕೊಡಬೇಕು. ಅದು ಕೆಲಸ ನಡೆದಾಗ ಮಾತ್ರ ಬೆಳಗುತ್ತದೆ. ಎರಡು ಮಾರ್ಗಗಳ ಧನದ ತಂತಿಗಳು ಎಲ್ಲಿಯೂ ಒಂದನ್ನೊಂದು ಮುಟ್ಟಬಾರದು. ಬದು ಗಟ್ಟಿಯಾಗಿರಬೇಕು. ಕಾಲುಗಳ ಕ್ರಮ ಒಬ್ಬ ತಯಾರಕನಿಂದ ಇನ್ನೊಬ್ಬನಿಗೆ ಬೇರೆಯಾಗುವುದುಂಟು. ಆದಕಾರಣ ಪೆಟ್ಟಿಗೆಯಲ್ಲಿರುವ ಚಿತ್ರವನ್ನು ಓದದೆ ತಂತಿಗೆ ಕೈ ಹಾಕಬಾರದು.

ಕೆಲವು ವಾಹನಗಳಲ್ಲಿ ಡ್ಯಾಶ್‌ಬೋರ್ಡಿನ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ತಿರುಗುಣಿ ಇರುತ್ತದೆ. ಅದು ವಿಲಾಸವಲ್ಲ. ಕತ್ತಲಿಗೆ ಪೂರ್ಣವಾಗಿ ಒಗ್ಗಿಕೊಳ್ಳಲು ನಮ್ಮ ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಮೂಗಿನ ಮುಂದೆ ಪ್ರಖರವಾದ ದೀಪವಿದ್ದರೆ ಆ ಶಕ್ತಿ ಕುಗ್ಗಿ, ರಸ್ತೆಯ ಮೇಲಿನ ಮನುಷ್ಯನು ಕಾಣದೆ ಹೋಗುತ್ತಾನೆ. ಆದ್ದರಿಂದ ಹೊಸ ಸ್ವಿಚ್ಚಿನ ಸ್ಥಳದೀಪವೂ ಇತರ ದೀಪಗಳೊಡನೆ ಮಂದವಾಗುವಂತಿರಬೇಕು. ಬಹಳ ಗಾಡಿಗಳಲ್ಲಿ ತಿರುಗುಣಿ ಧನದ ಕಡೆ ಇರುತ್ತದೆ. ಅಂಥಲ್ಲಿ ತಿರುಗುಣಿಯನ್ನು ದಾಟಿ ಬಂದ ತಂತಿಯಿಂದ ಕವಲು ತೆಗೆಯಬೇಕು. ಕೆಲವದರಲ್ಲಿ ಅದು ಋಣದ ಕಡೆ ಇರುತ್ತದೆ. ಅಂಥಲ್ಲಿ ಸ್ಥಳದೀಪದ ಋಣದ ಕಾಲನ್ನು ಗಾಡಿಯ ಮೈಗೆ ಕೊಟ್ಟರೆ ಅದು ಮಂದವಾಗುವುದೇ ಇಲ್ಲ, ತಿರುಗುಣಿಯ ಋಣದ ತಂತಿಗೇ ಕೊಡಬೇಕು. ಇತ್ತೀಚಿನ ಕಾರುಗಳಲ್ಲಿ ದೀಪಗಳನ್ನು ಗಣಕಯಂತ್ರವೇ ಆಳುತ್ತದೆ. ಅವುಗಳ ತಂತಿಯನ್ನು ಕತ್ತರಿಸುವ ಸಾಹಸ ಬೇಡ, ಬಲ್ಲವರಲ್ಲಿಗೆ ಒಯ್ಯಬೇಕು.

ಈಗಿನ ಸ್ವಿಚ್ಚುಗಳಲ್ಲಿ ಬಲ್ಬಿನ ಬದಲಿಗೆ ಎಲ್‌ಇಡಿ ಇರುವುದೇ ಹೆಚ್ಚು. ಅಮೆರಿಕದ ನಿಕ್ ಹೊಲೊನ್ಯಾಕ್ ಎಂಬುವರು ೧೯೬೨ರಲ್ಲಿ ಕೆಂಪು ಬೆಳಕಿನ ಎಲ್‌ಇಡಿಯನ್ನು ಮಾಡಿ ತೋರಿಸಿದರು. ನೀಲಿ ಬೆಳಕಿನದು ಬಹುಕಾಲ ಕೈಗೆಟುಕಲಿಲ್ಲ. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ ೨೦೧೪ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಎಲ್‌ಇಡಿಯಲ್ಲಿ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುತ್ತದೆ; ಧನ ಋಣಗಳು ತಿರುವುಮುರುವಾದರೆ ಅದು ಬೆಳಗದು. ಅದಕ್ಕೆ ನೇರವಾಗಿ ೧೨ ವೋಲ್ಟನ್ನು ಕೊಟ್ಟರೆ ಕ್ಷಣದಲ್ಲಿ ಸಾಯುತ್ತದೆ; ನಡುವೆ ಒಂದು ರೋಧಕ ಬೇಕು. ಹತ್ತನೆಯ ತರಗತಿಯವರು ಓಮನ ನಿಯಮದಿಂದ ಇದನ್ನು ಲೆಕ್ಕಹಾಕಬಹುದು. ಇಂಜಿನು ಓಡುತ್ತಿರುವಾಗ ಒತ್ತಡ ೧೪.೪ ವೋಲ್ಟಿನವರೆಗೆ ಏರುತ್ತದೆ, ಕೆಂಪು ಎಲ್‌ಇಡಿಯ ಪಾಲು ಸುಮಾರು ೨, ಉಳಿದದ್ದು ೧೨.೪. ಪ್ರವಾಹ ೦.೦೨ ಆಂಪಿಯರನ್ನು ಮೀರಬಾರದು. ಭಾಗಿಸಿದರೆ ೬೨೦ ಓಮು. ೬೮೦ ಓಮಿನ ರೋಧಕ ಹಾಕಿದರೆ ನಿಶ್ಚಿಂತೆ. ಪೇಟೆಯ ೧೨ ವೋಲ್ಟಿನ ಸ್ವಿಚ್ಚುಗಳಲ್ಲಿ ಈ ರೋಧಕವನ್ನು ಸಾಮಾನ್ಯವಾಗಿ ಒಳಗೇ ಇಟ್ಟಿರುತ್ತಾರೆ. ೧೮೨೭ರಲ್ಲಿ ಓಮನು ತನ್ನ ನಿಯಮವನ್ನು ಪ್ರಕಟಿಸಿದಾಗ ಮೋಟಾರು ಗಾಡಿಯೇ ಹುಟ್ಟಿರಲಿಲ್ಲ. ಆದರೂ ಅವನ ಮಾತು ಇಂದು ನಾಗಲಗಿದ್ದದ ಟ್ರ್ಯಾಕ್ಟರಿಗೆ ಅನ್ವಯಿಸುತ್ತದೆ. ನಿಜವಾದ ವಿದ್ಯೆಗೆ ಊರಿಲ್ಲ, ಕಾಲವಿಲ್ಲ.

ಕೆಲಸದ ಕ್ರಮವನ್ನೂ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಇದನ್ನು ನಮ್ಮ ವಿಜ್ಞಾನದ ಮಾಸ್ತರರೂ ಒಬ್ಬ ಹಿರಿಯ ಮಿಸ್ತ್ರಿಯೂ ನನಗೆ ತಿದ್ದಿ ಕಲಿಸಿದರು. ಮೊದಲು ಕೈಯ ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಡಬೇಕು. ೧೨ ವೋಲ್ಟು ಮೈಗೆ ಹೊಡೆಯುವುದಿಲ್ಲ, ನಿಜ. ಆದರೆ ಪಾನೆಯೋ ಉಂಗುರವೋ ಎರಡು ಧ್ರುವಗಳ ನಡುವೆ ಸಿಕ್ಕಿದರೆ ಕೆಂಪಗೆ ಕಾದು ಕೈ ಸುಡುತ್ತದೆ. ಬ್ಯಾಟರಿಯ ಬಳಿ ಬೀಡಿ, ಬೆಂಕಿಕಡ್ಡಿ ಸಲ್ಲದು. ಅದು ಹೊರಬಿಡುವ ಜಲಜನಕ ಸ್ಫೋಟಿಸಬಲ್ಲದು. ಬೆಳಕಿನ ತಂತಿ ಯಾವುದೆಂದು ಪರೀಕ್ಷಾ ದೀಪದಿಂದಲೋ ಮೀಟರಿನಿಂದಲೋ ಹುಡುಕಬೇಕು: ಸಣ್ಣ ದೀಪಗಳನ್ನು ಹಾಕಿದಾಗ ಜೀವ ಬಂದು, ಆರಿಸಿದಾಗ ಜೀವ ಹೋಗುವುದೇ ಆ ತಂತಿ. ಅನಂತರ ಬ್ಯಾಟರಿಯ ಋಣದ ತಂತಿಯನ್ನು ಕಳಚಿ ಕೆಲಸ ಹಿಡಿಯಬೇಕು.

ಬ್ಯಾಟರಿಯಿಂದ ಹೊಸ ದೀಪಕ್ಕೆ ಹೋಗುವ ತಂತಿಗೆ ತನ್ನದೇ ಫ್ಯೂಜು ಬೇಕು. ಅದು ಬ್ಯಾಟರಿಗೆ ಸಮೀಪದಲ್ಲಿರಬೇಕು, ಏಕೆಂದರೆ ಫ್ಯೂಜಿಗಿಂತ ಹಿಂದಿನ ತಂತಿಗೆ ರಕ್ಷಣೆಯಿಲ್ಲ. ೫೫ ವಾಟಿನ ಒಂದು ದೀಪಕ್ಕೆ ೭.೫ ಆಂಪಿಯರಿನ ಕಂದು ಬಣ್ಣದ ಫ್ಯೂಜು ಸಾಕು. ದೀಪಗಳು ಎರಡು ಮೂರಾದರೆ ಪೂರ್ಣ ಪ್ರವಾಹವನ್ನು ಸ್ವಿಚ್ಚಿನ ಮೂಲಕ ಹರಿಸದೆ ರಿಲೇಯನ್ನು ಹಾಕಬೇಕು, ಫ್ಯೂಜನ್ನೂ ಲೆಕ್ಕ ಮಾಡಿಯೇ ಆರಿಸಬೇಕು. ರಿಲೇ ಎಂದರೆ ಕಡಿಮೆ ಪ್ರವಾಹದಿಂದ ಹೆಚ್ಚಿನ ಪ್ರವಾಹವನ್ನು ಆಳುವ ವಿದ್ಯುತ್ಕಾಂತದ ಸ್ವಿಚ್ಚು. ಅದರ ಕಾಲುಗಳ ಮೇಲೆ ೩೦, ೮೫, ೮೬, ೮೭ ಎಂಬ ಅಂಕಿಗಳಿರುತ್ತವೆ: ೩೦ ಬ್ಯಾಟರಿಗೆ, ೮೭ ದೀಪಕ್ಕೆ, ೮೫ ಮತ್ತು ೮೬ ಒಳಗಿನ ಸುರುಳಿಗೆ. ತಂತಿಗಳನ್ನು ಬರಿದೆ ಹೊಸೆದು ಟೇಪು ಸುತ್ತಿದರೆ ಸಾಲದು. ಗಾಡಿಯ ಅದುರಿಗೆ ಅದು ಸಡಿಲವಾಗುತ್ತದೆ. ಬೆಸುಗೆ ಹಾಕಬೇಕು, ಇಲ್ಲವೆ ಒತ್ತಿ ಕೂಡಿಸುವ ತುದಿಗಳನ್ನು ಬಳಸಬೇಕು. ತಂತಿ ತಗಡನ್ನು ತೂರಿ ಹೋಗುವಲ್ಲಿ ರಬ್ಬರಿನ ಬಳೆ ಇರಲೇಬೇಕು. ತಗಡಿನ ಅಂಚು ಕತ್ತಿಯಿದ್ದಂತೆ. ಅರ್ಥಿಂಗು ಕೊಡುವ ಜಾಗದ ಬಣ್ಣ, ತುಕ್ಕುಗಳನ್ನು ಕೆರೆದು ಲೋಹ ಹೊಳೆಯುವಂತೆ ಮಾಡಬೇಕು.

ಎಲ್ಲ ಮುಗಿದ ಮೇಲೆ ನಾಲ್ಕು ಪರೀಕ್ಷೆಗಳು. ಒಂದು: ಸಣ್ಣ ದೀಪಗಳೂ ಸ್ವಿಚ್ಚೂ ಆರಿರುವಾಗ ಯಾವುದೂ ಬೆಳಗಬಾರದು. ಎರಡು: ಸಣ್ಣ ದೀಪಗಳನ್ನು ಮಾತ್ರ ಹಾಕಿದಾಗ ಸ್ಥಳದೀಪ ಬೆಳಗಬೇಕು, ಹಿಂದಿನ ಬಿಳಿ ದೀಪ ಉರಿಯಬಾರದು. ಮೂರು: ಸ್ವಿಚ್ಚನ್ನು ಮಾತ್ರ ಒತ್ತಿದಾಗ ಬಿಳಿ ದೀಪವೂ ಕೆಲಸದ ದೀಪವೂ ಬೆಳಗಬೇಕು, ಕೆಂಪು ದೀಪಗಳು ಉರಿಯಬಾರದು. ನಾಲ್ಕು: ಎರಡನ್ನೂ ಹಾಕಿದಾಗ ಎಲ್ಲವೂ ಬೆಳಗಬೇಕು. ನಾವು ಅಂದು ಪರೀಕ್ಷೆ ಮಾಡಿದ್ದು ಒಂದನ್ನೇ, ಸ್ವಿಚ್ಚು ಬೆಳಗಿತೇ ಇಲ್ಲವೇ ಎಂಬುದನ್ನು. ಎರಡನೆಯ ಪರೀಕ್ಷೆಯನ್ನು ಮಾಡಿ ಗಾಡಿಯ ಹಿಂದೆ ಹೋಗಿ ನೋಡಿದ್ದರೆ ಆ ರಾತ್ರಿಯ ಭಯ ತಪ್ಪುತ್ತಿತ್ತು.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಹೇಳಬೇಕು. ಎಲ್ಲವನ್ನೂ ಸರಿಯಾಗಿ ಜೋಡಿಸಿದ ಮೇಲೂ ಸ್ವಿಚ್ಚಿನೊಳಗಿನ ದೀಪ ಏನನ್ನು ಹೇಳುತ್ತದೆ? "ನನ್ನ ತನಕ ವಿದ್ಯುತ್ತು ಬಂದು ಮುಂದೆ ಹೊರಟಿದೆ" ಎನ್ನುತ್ತದೆ, ಅಷ್ಟೇ. ದೂರದ ದೀಪ ನಿಜವಾಗಿ ಉರಿಯುತ್ತಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಅಲ್ಲಿ ಬಲ್ಬಿನ ತಂತು ಹರಿದಿರಬಹುದು, ತುದಿ ಕಳಚಿರಬಹುದು. ಇಲ್ಲಿ ಸಣ್ಣ ದೀಪ ಹಾಯಾಗಿ ಬೆಳಗುತ್ತಲೇ ಇರುತ್ತದೆ. ಆದ್ದರಿಂದ ಒಳ್ಳೆಯ ಚಾಲಕನು ಹೊರಡುವ ಮುನ್ನ ಕೆಳಗಿಳಿದು ಗಾಡಿಯನ್ನು ಒಂದು ಸುತ್ತು ಹಾಕಿ ನೋಡುತ್ತಾನೆ.

ತಂದೆತಾಯಂದಿರೇ, ತಾವು ಮನೆಯಲ್ಲಿ ನೋಡುವ ಅಂಕಪಟ್ಟಿಯೂ ಇಂಥದೇ ಒಂದು ಸಣ್ಣ ದೀಪ. ಅದು ಬೆಳಗಿದರೆ ಸಂತೋಷಪಡೋಣ. ಆದರೆ ದೂರದ ದೀಪ, ಅಂದರೆ ಮಗುವಿನ ತಿಳಿವಳಿಕೆ, ಉರಿಯುತ್ತಿದೆಯೇ ಎಂದು ಎದ್ದು ಹೋಗಿ ನೋಡಬೇಕಾದವರು ನಾವು. "ಎಷ್ಟು ಅಂಕ ಬಂತು?" ಎಂದು ಕೇಳುವಂತೆಯೇ "ಇಂದು ಏನು ತಿಳಿಯಿತು? ಅದು ಯಾಕೆ ಹಾಗೆ?" ಎಂದು ಕೇಳಿರಿ. ಹಾಗೆಯೇ, ಮಗು ಒಂದು ವಿಷಯದಲ್ಲಿ ಹಿಂದೆ ಬಿದ್ದಾಗ ಗದರಿಸಿ ಬಾಯಿ ಮುಚ್ಚಿಸುವುದು ದೊಡ್ಡ ಫ್ಯೂಜು ಹಾಕಿದಂತೆ. ಫ್ಯೂಜು ಯಾಕೆ ಹೋಯಿತೆಂದು ಕೇಳುವ ತಾಳ್ಮೆ ನಮಗಿರಲಿ.

ಕೊನೆಯದಾಗಿ ಒಂದು ಮಾತು. ಕನ್ನಡದಲ್ಲಿ ಓದಿದರೆ ಯಂತ್ರವಿದ್ಯೆ ತಿಳಿಯುವುದೇ ಎಂದು ನನ್ನನ್ನು ಅನೇಕರು ಕೇಳುತ್ತಾರೆ. ಈ ಸೀಮೆಯಲ್ಲಿ ಆ ಪ್ರಶ್ನೆ ಸಹಜ. ನಾರಾಯಣಖೇಡ, ಜಹೀರಾಬಾದುಗಳು ೧೯೫೬ರ ನವೆಂಬರ್ ೧ರ ತನಕ ಬೀದರ್ ಜಿಲ್ಲೆಯಲ್ಲಿದ್ದವು. ಅನಂತರ ಮೆದಕ್ ಜಿಲ್ಲೆ, ೨೦೧೬ರಿಂದ ಸಂಗಾರೆಡ್ಡಿ ಜಿಲ್ಲೆ. ನಕ್ಷೆಯ ಗೆರೆಗಳು ಸರಿದವು. ಅಡಿಗೆಮನೆಯ ಮಾತು ಸರಿಯಲಿಲ್ಲ. ನಮ್ಮ ಮಕ್ಕಳು ತೆಲುಗು, ಉರ್ದು, ಮರಾಠಿಗಳನ್ನು ಬೀದಿಯಲ್ಲಿ ಕಲಿಯುತ್ತಾರೆ, ಇಂಗ್ಲಿಷನ್ನು ಶಾಲೆಯಲ್ಲಿ ಕಲಿಯುತ್ತಾರೆ, ಕಲಿಯಲೇಬೇಕು. ಆದರೆ ವಿದ್ಯುತ್ತು ಕನ್ನಡಕ್ಕೆ ಹೊಸ ನೆಂಟನಲ್ಲ. ೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಇಂದು ನಾನು ಪ್ರವಾಹ, ಒತ್ತಡ, ರೋಧಗಳನ್ನು ಕುರಿತು ಹೇಳಿದ್ದೆಲ್ಲವೂ ಕನ್ನಡದಲ್ಲಿಯೇ. ಫ್ಯೂಜು, ರಿಲೇ, ಸ್ವಿಚ್ಚು ಎಂಬ ಮಾತುಗಳನ್ನು ಎರವಲು ತಂದೆವು. ತಂದರೆ ಅವಮಾನವೇನೂ ಇಲ್ಲ. ಆದರೆ "ಯಾಕೆ?" ಎಂಬ ಮಾತನ್ನು ಎರವಲು ತರಲಾಗದು. ಅದು ತಾಯಿನುಡಿಯಲ್ಲಿಯೇ ಮೊದಲು ಹುಟ್ಟುತ್ತದೆ. ಆ ಭಾನುವಾರ ನಮ್ಮ ಹುಡುಗನು ಕೇಳಿದ "ಯಾಕೆ" ಕನ್ನಡದ್ದು.

ಆ ಇಬ್ಬರು ಹುಡುಗರ ಹೆಸರನ್ನು ಹೇಳಬೇಡಿರೆಂದು ಅವರೇ ಕೋರಿದ್ದಾರೆ. ಅವರ ಸಂಕೋಚವನ್ನು ಗೌರವಿಸುತ್ತೇನೆ. ಅವರೇ ನಿಂತು ಐದು ಕಾಲಿನ ಸ್ವಿಚ್ಚನ್ನು ಹಿರಿಯ ಮಿಸ್ತ್ರಿಯ ಕಣ್ಣೆದುರಿಗೆ ಕೂಡಿಸಿದರು. ನಾಲ್ಕು ಪರೀಕ್ಷೆಗಳನ್ನೂ ಮಾಡಿದರು. ಅಣ್ಣನ ಮಗನು ಈಗ ಪ್ರತಿ ಸಂಜೆ ಹೊರಡುವ ಮುನ್ನ ಟ್ರಾಲಿಯ ಹಿಂದೆ ಹೋಗಿ ಕೆಂಪು ದೀಪಗಳನ್ನು ಕಣ್ಣಾರೆ ನೋಡಿ ಬರುತ್ತಾನೆ. ಇಂದು ರಾತ್ರಿ ಈ ಸಭೆ ಮುಗಿದ ಮೇಲೆ ತಮ್ಮಲ್ಲಿ ಅನೇಕರು ಟ್ರ್ಯಾಕ್ಟರುಗಳಲ್ಲಿಯೂ ಜೀಪುಗಳಲ್ಲಿಯೂ ಆಟೋಗಳಲ್ಲಿಯೂ ಊರಿಗೆ ಮರಳುವವರು. ಹತ್ತುವ ಮುನ್ನ ಒಂದು ಸುತ್ತು ಹಾಕಿ ಹಿಂದಿನ ದೀಪವನ್ನು ನೋಡಿರಿ. ಮಕ್ಕಳನ್ನೇ ಕಳುಹಿಸಿ ನೋಡಿಸಿರಿ. ಅಷ್ಟು ಮಾಡಿದರೆ ನನ್ನ ಈ ದೀರ್ಘವಾದ ಮಾತು ಸಾರ್ಥಕವಾಯಿತೆಂದು ಭಾವಿಸುತ್ತೇನೆ.